ಎಲ್ಲಿ ಕಂಡಿರಿ, ಬರೆದಿಡಿ

ಅಲಿ ಕೆಲಸಕ್ಕೆ ಸೇರಿದ್ದು ಅಡುಗೆಯವನಾಗಿ. 1855ರ ಕೊನೆ, ಬೋರ್ನಿಯೋ ದ್ವೀಪದ ಸರವಾಕ್ ಸೀಮೆ, ಹುಡುಗನಿಗೆ ಸುಮಾರು 15 ವರ್ಷ. ಅನ್ನ ಬೇಯಿಸಬೇಕು, ಸಾಮಾನು ಹೊರಬೇಕು, ದಿನವಿಡೀ ಮಾತಾಡುತ್ತಾ ಸಾಹೇಬನ ಬಾಯಿಗೆ ಮಲಯ್ ಭಾಷೆ ರೂಢಿಯಾಗುವಂತೆ ಮಾಡಬೇಕು. ಮೂರು ವರ್ಷ ತುಂಬುವ ಮೊದಲೇ ಈ ಅಡುಗೆಯ ಹುಡುಗ ಕೋವಿ ಹಿಡಿಯಲು ಕಲಿತಿದ್ದ, ಒಂದು ಗರಿಯೂ ಕೆಡದಂತೆ ಹಕ್ಕಿಯ ಚರ್ಮ ಬಿಡಿಸಲು ಕಲಿತಿದ್ದ. 1858ರ ಅಕ್ಟೋಬರ್‌ನಲ್ಲಿ ಬಚಾನ್ ಎಂಬ ದ್ವೀಪದ ಕಾಡಿನಿಂದ ಸೊಂಟಕ್ಕೆ ಹಕ್ಕಿಗಳನ್ನು ಸಿಕ್ಕಿಸಿಕೊಂಡು ಬಂದವನು ಅದರಲ್ಲೊಂದನ್ನು ಎತ್ತಿ ತೋರಿಸಿದ. ಎದೆಯ ಮೇಲೆ ಹೊಳೆಯುವ ಹಸಿರು ಗರಿಗಳ ಹಾಸು. ಎರಡೂ ಭುಜಗಳಿಂದ ಎರಡೆರಡು ಉದ್ದನೆಯ ಬಿಳಿ ಗರಿಗಳು, ಯಾರೋ ಬಾವುಟ ನೆಟ್ಟ ಹಾಗೆ. ಅಂಥ ಹಕ್ಕಿ ಯುರೋಪಿನ ಯಾವ ಮ್ಯೂಸಿಯಮ್ಮಿನಲ್ಲೂ ಇರಲಿಲ್ಲ. ಮರುವರ್ಷ ಲಂಡನ್ನಿನಲ್ಲಿ ಅದಕ್ಕೆ ಸೆಮಿಯಾಪ್ಟೆರಾ ವ್ಯಾಲೇಸಿಯೈ ಎಂದು ಹೆಸರಿಟ್ಟರು. ಹೆಸರು ಸಾಹೇಬನದು. ಕಂಡವನು, ಹೊಡೆದವನು, ಇದು ಬೇರೆಯೇ ಹಕ್ಕಿ ಎಂದು ಮೊದಲು ಬೆರಗಾದವನು ಅಲಿ.

ಪಿಯುಸಿ ಅಂಕ ಕಡಿಮೆ ಬಂತು, ಸೀಟು ಸಿಗಲಿಲ್ಲ, ಇನ್ನು ವಿಜ್ಞಾನ ನಮ್ಮ ಪಾಲಿಗಿಲ್ಲ ಎಂದು ಕೈಚೆಲ್ಲಿ ಕೂತ ಹುಡುಗ ಹುಡುಗಿಯರನ್ನು ಕಂಡಾಗೆಲ್ಲ ನನಗೆ ಈ ಅಲಿ ನೆನಪಾಗುತ್ತಾನೆ. ಅವನ ಸಾಹೇಬನೂ ನೆನಪಾಗುತ್ತಾನೆ. ಏಕೆಂದರೆ ಆ ಸಾಹೇಬನೂ ಓದಿನಲ್ಲಿ ಮೆರೆದವನಲ್ಲ, ಸಿರಿವಂತನೂ ಅಲ್ಲ.

ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ ಹುಟ್ಟಿದ್ದು 1823ರಲ್ಲಿ, ವೇಲ್ಸ್‌ನ ಅಸ್ಕ್ ಎಂಬಲ್ಲಿ. ಮನೆಯಲ್ಲಿ ದುಡ್ಡಿಲ್ಲದೆ 14ರ ಹೊತ್ತಿಗೆಲ್ಲ ಶಾಲೆ ಬಿಟ್ಟಾಗಿತ್ತು. ಅಣ್ಣನ ಜೊತೆ ಸರ್ವೆ ಸರಪಳಿ ಎಳೆಯುತ್ತಾ ಊರೂರು ಅಲೆದ. ಹೊಲದ ಬದುಗಳಲ್ಲಿ ಕಂಡ ಗಿಡಗಳ ಹೆಸರು ತಿಳಿಯಬೇಕೆಂಬ ಹಟ ಹತ್ತಿದ್ದು ಅಲ್ಲಿ. 1848ರಲ್ಲಿ ಹೆನ್ರಿ ಬೇಟ್ಸ್ ಎಂಬ ಗೆಳೆಯನೊಂದಿಗೆ ಅಮೆಜಾನ್ ಕಾಡಿಗೆ ಹೊರಟುಬಿಟ್ಟ. ಖರ್ಚಿಗೆ ಏನು? ಜೀರುಂಡೆ, ಚಿಟ್ಟೆ, ಹಕ್ಕಿಗಳನ್ನು ಹಿಡಿದು ಲಂಡನ್ನಿನ ಏಜೆಂಟನಿಗೆ ಕಳಿಸುವುದು, ಅವನು ಮಾರಿ ಬಂದ ಹಣದಲ್ಲಿ ಮುಂದಿನ ತಿಂಗಳ ಊಟ. ನಾಲ್ಕು ವರ್ಷ ಹೀಗೆ ನಡೆಯಿತು. ನೆರವಿಗೆಂದು ಬಂದ ತಮ್ಮ ಹರ್ಬರ್ಟ್ ಹಳದಿ ಜ್ವರಕ್ಕೆ ಬಲಿಯಾದ. 1852ರ ಆಗಸ್ಟ್ 6ರಂದು, ಊರಿಗೆ ಮರಳುವ ದಾರಿಯಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಹಡಗಿಗೆ ಬೆಂಕಿ ಬಿತ್ತು. ಜೊತೆಗಿದ್ದ ಸಂಗ್ರಹ ಕಣ್ಣೆದುರೇ ಸುಟ್ಟಿತು. ಹತ್ತು ದಿನ ತೆರೆದ ದೋಣಿಯಲ್ಲಿ ಬಿಸಿಲು, ಬಾಯಾರಿಕೆ, ನೀರು ಮೊಗೆದು ಹೊರಚೆಲ್ಲುವ ಕೆಲಸ. ಕೊನೆಗೆ ಬೇರೊಂದು ಹಡಗು ಎತ್ತಿಕೊಂಡಿತು.

ಇಷ್ಟಾದ ಮೇಲೆ ಯಾರಾದರೂ ಮನೆ ಸೇರಿ ಗುಮಾಸ್ತಿಕೆ ಹುಡುಕುತ್ತಿದ್ದರು. ಇವನು ಮಾಡಿದ್ದೇನು ಗೊತ್ತೇ? ಅದೇ ವರ್ಷದ ಡಿಸೆಂಬರ್‌ನಲ್ಲಿ ಲಂಡನ್ನಿನ ವಿದ್ವಾಂಸರ ಮುಂದೆ ನಿಂತು ಅಮೆಜಾನಿನ ಕೋತಿಗಳ ಬಗ್ಗೆ ಪ್ರಬಂಧ ಓದಿದ. ಅದರಲ್ಲೊಂದು ತಕರಾರಿತ್ತು. ನಿಮ್ಮ ಮ್ಯೂಸಿಯಮ್ಮುಗಳಲ್ಲಿ ಪ್ರಾಣಿಗೆ ಕಟ್ಟಿದ ಚೀಟಿ ನೋಡಿದರೆ ‘ಬ್ರೆಜಿಲ್’ ಎಂದಿರುತ್ತದೆ, ‘ದಕ್ಷಿಣ ಅಮೆರಿಕ’ ಎಂದಿರುತ್ತದೆ. ನದಿಯ ಈ ದಡದ್ದೋ ಆ ದಡದ್ದೋ ಎಂದು ಯಾರೂ ಬರೆಯುವುದಿಲ್ಲ. ಆದರೆ ಅಮೆಜಾನಿನ ಬೇಟೆಗಾರನಿಗೆ ಗೊತ್ತು, ಈ ದಡದ ಕೋತಿ ಆ ದಡಕ್ಕಿಲ್ಲ. ಅದನ್ನು ಬಿಟ್ಟರೆ ಮುಖ್ಯವಾದದ್ದನ್ನೇ ಬಿಟ್ಟಂತೆ. ಇದು ಆ ಪ್ರಬಂಧದ ಸಾರ.

ನಾನು ನಿಮಗೆ ಹೇಳಬೇಕೆಂದಿರುವುದೂ ಇಷ್ಟೇ. ಏನು ಕಂಡಿರಿ ಎಂಬುದರಷ್ಟೇ ಎಲ್ಲಿ ಕಂಡಿರಿ ಎಂಬುದೂ ಮುಖ್ಯ. ಆ ಎರಡನೆಯ ಪ್ರಶ್ನೆಗೆ ಉತ್ತರ ಬರೆದಿಡಲು ಪದವಿ ಬೇಡ, ಪ್ರಯೋಗಾಲಯ ಬೇಡ. ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕು, ಜೊತೆಗೆ ಸೋಮಾರಿತನ ಬಿಡಬೇಕು. ಮೊದಲೆರಡು ಅಂಗಡಿಯಲ್ಲಿ ಸಿಗುತ್ತವೆ.

ಒಂದೂವರೆ ವರ್ಷದೊಳಗೆ ವ್ಯಾಲೇಸ್ ಮತ್ತೆ ಹಡಗು ಹತ್ತಿದ್ದ. 1854ರ ಏಪ್ರಿಲ್‌ನಲ್ಲಿ ಸಿಂಗಪುರದಲ್ಲಿಳಿದ. ಮುಂದೆ ಎಂಟು ವರ್ಷ ಈಗಿನ ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾಗಳ ದ್ವೀಪದಿಂದ ದ್ವೀಪಕ್ಕೆ ಸುಮಾರು 14,000 ಮೈಲಿ ಸುತ್ತಿದ. ಕೂಡಿಸಿದ್ದು 1,25,660 ಮಾದರಿಗಳು. ಅದರಲ್ಲಿ 83,200 ಬರೀ ಜೀರುಂಡೆ ಜಾತಿಯವು. ಸಂಖ್ಯೆ ಕೇಳಿ ಹೆದರಬೇಡಿ, ಅವನ ದಿನಚರಿ ನೋಡಿ. ಬೆಳಿಗ್ಗೆ ಐದೂವರೆಗೆ ಏಳುವುದು, ಸ್ನಾನ, ಕಾಫಿ. ಹಿಂದಿನ ದಿನದ ಹುಳುಗಳನ್ನು ಬಿಸಿಲಿಗಿಟ್ಟು ಬಲೆ ಹೊಲಿದುಕೊಳ್ಳುವುದು, ಸೂಜಿ ತುಂಬಿಕೊಳ್ಳುವುದು. ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಕಾಡು. ಮಧ್ಯಾಹ್ನ ಎರಡು ಮೂರಕ್ಕೆ ಬೆವರಿಳಿಸುತ್ತಾ ವಾಪಸು, ಮತ್ತೆ ಸ್ನಾನ, ಸಂಜೆ ನಾಲ್ಕರವರೆಗೆ ಹುಳುಗಳಿಗೆ ಸೂಜಿ ಚುಚ್ಚುವ ಕೆಲಸ, ಆಮೇಲೆ ಊಟ, ಓದು, ನಿದ್ರೆ. ಸಿಂಗಪುರದ ಬುಕಿಟ್ ತಿಮಾ ಗುಡ್ಡದಲ್ಲಿ ಚೀನೀ ಕೂಲಿಗಳು ಮರ ಕಡಿದು ಉರುಳಿಸಿದ್ದರು. ಆ ಕೊಳೆಯುವ ದಿಮ್ಮಿಗಳ ನಡುವೆ, ಸುಮಾರು ಒಂದು ಚದರ ಮೈಲಿ ಜಾಗದಲ್ಲಿ, ಎರಡು ತಿಂಗಳಲ್ಲಿ ಅವನಿಗೆ 700 ಬಗೆಯ ಜೀರುಂಡೆ ಸಿಕ್ಕವು. ಅದೇ ಗುಡ್ಡದಲ್ಲಿ ಹುಲಿ ಬೀಳಿಸಲು ತೋಡಿದ ಗುಂಡಿಗಳಿದ್ದವು, ಅವುಗಳ ಮೇಲೆ ಕೊಂಬೆ ಹಾಸಿ ಮುಚ್ಚಿರುತ್ತಿದ್ದರು. ಜೀರುಂಡೆ ನೋಡುತ್ತಾ ನಡೆಯುವವನು ಕಾಲಡಿಯನ್ನೂ ನೋಡಿಕೊಳ್ಳಬೇಕಿತ್ತು.

1856ರಲ್ಲಿ ಅವನಿಗೆ ಮಕಾಸರ್ ಎಂಬ ಬಂದರಿಗೆ ಹೋಗಬೇಕಿತ್ತು. ಸಿಂಗಪುರದಿಂದ ನೇರ ಹಡಗು ಸಿಗಲಿಲ್ಲ. ಚೀನೀ ವ್ಯಾಪಾರಿಯೊಬ್ಬನ ಹಾಯಿ ಹಡಗು ಬಾಲಿ ದ್ವೀಪದವರೆಗೆ ಹೊರಟಿತ್ತು, ಅದನ್ನೇ ಹತ್ತಿದ. ಬಾಲಿಯಲ್ಲಿ ಕುಟ್ರುಹಕ್ಕಿ, ಮರಕುಟಿಗ, ಗೀಜಗ ಕಂಡ. ನಮ್ಮ ಊರಿನ ತೋಟದಲ್ಲೂ ಕೂಗುವ ಬಳಗ. ಆ ಕಾಲಕ್ಕೆ ಬಾಲಿಯಲ್ಲಿ ಹುಲಿಯೂ ಇತ್ತು. ಅಲ್ಲಿಂದ ಲೊಂಬೊಕ್ ದ್ವೀಪಕ್ಕೆ ದಾಟಿದ. ಈ ದಡದಲ್ಲಿ ನಿಂತರೆ ಆ ದಡದ ಬೆಟ್ಟ ಕಾಣುತ್ತದೆ, ಅಷ್ಟೇ ದೂರ. ಹವೆ ಅದೇ, ಮಣ್ಣು ಹೆಚ್ಚುಕಡಿಮೆ ಅದೇ. ಆದರೆ ಬಾಲಿಯಲ್ಲಿ ಕಂಡ ಆ ಕುಟ್ರು, ಮರಕುಟಿಗಗಳು ಇಲ್ಲಿಲ್ಲ. ಬದಲಿಗೆ ಬಿಳಿ ಕಾಕಟೂಗಳು ಕಿರುಚುತ್ತಿವೆ. ಕಸಕಡ್ಡಿ, ಮಣ್ಣಿನ ದೊಡ್ಡ ಗುಡ್ಡೆ ಕೂಡಿಸಿ ಮೊಟ್ಟೆಯನ್ನು ಅದರೊಳಗೆ ಹೂತು, ಕಾವು ಕೊಡುವ ಗೋಜಿಗೇ ಹೋಗದ ಮೆಗಪೋಡ್ ಎಂಬ ಹಕ್ಕಿಗಳು ಓಡಾಡುತ್ತಿವೆ. ಇವೆಲ್ಲ ಆಸ್ಟ್ರೇಲಿಯಾ ಕಡೆಯ ನೆಂಟರು.

ಅವನಿಗಿಂತ ಮೊದಲೂ ಸಾವಿರಾರು ಜನ ಆ ಜಲಸಂಧಿ ದಾಟಿದ್ದರು. ಅವರಿಗೂ ಹಕ್ಕಿಗಳು ಕಂಡಿರಬೇಕು. ಆದರೆ ಪ್ರತಿ ಹಕ್ಕಿಯ ಕಾಲಿಗೆ ದ್ವೀಪದ ಹೆಸರು ಬರೆದ ಚೀಟಿ ಕಟ್ಟುತ್ತಾ ಹೋದವನಿಗೆ ಮಾತ್ರ ಎರಡು ರಾಶಿಗಳ ನಡುವೆ ಗೆರೆಯೊಂದು ತಾನಾಗಿ ಕಾಣಿಸಿಕೊಂಡಿತು. ಏಷ್ಯಾದ ಪ್ರಾಣಿಗಳು ಇಲ್ಲಿಯವರೆಗೆ, ಮುಂದೆ ಆಸ್ಟ್ರೇಲಿಯಾದವು. 1863ರಲ್ಲಿ ಅವನು ಭೂಪಟದ ಮೇಲೆ ಎಳೆದ ಆ ಗೆರೆಯನ್ನು ಇಂದಿಗೂ ವ್ಯಾಲೇಸ್ ರೇಖೆ ಎನ್ನುತ್ತಾರೆ. ಕಾರಣ ಸಮುದ್ರದ ಆಳದಲ್ಲಿದೆ. ಹಿಮಯುಗದಲ್ಲಿ ಕಡಲು ಸುಮಾರು 120 ಮೀಟರ್ ಇಳಿದಾಗ ಬಾಲಿ, ಜಾವಾ, ಸುಮಾತ್ರ, ಬೋರ್ನಿಯೋಗಳು ಏಷ್ಯಾದೊಂದಿಗೆ ಒಂದೇ ನೆಲವಾಗಿದ್ದವು, ಹುಲಿ ನಡೆದೇ ಬಂದಿತ್ತು. ಬಾಲಿ ಮತ್ತು ಲೊಂಬೊಕ್ ನಡುವಿನ ಕಡಲು ಅದಕ್ಕಿಂತ ಆಳ, ಅದು ಆಗಲೂ ಬತ್ತಲಿಲ್ಲ. ನೇರ ಹಡಗು ಸಿಕ್ಕಿದ್ದರೆ ಈ ದ್ವೀಪಗಳಿಗೆ ತಾನು ಬಹುಶಃ ಹೋಗುತ್ತಲೇ ಇರಲಿಲ್ಲ ಎಂದು ಆಮೇಲೆ ಅವನೇ ಬರೆದುಕೊಂಡ. ಬಸ್ಸು ತಪ್ಪಿದಾಗ ಫೋನು ತೆಗೆದು ಕೂರುವವರು ಇದನ್ನು ನೆನಪಿಟ್ಟುಕೊಂಡರೆ ಚೆನ್ನ.

ಈಗ ಹಡಗಿನ ವಿಷಯಕ್ಕೆ ಬರುತ್ತೇನೆ, ಇದು ನನಗೆ ಬಹಳ ಇಷ್ಟವಾದ ಭಾಗ. 1856ರ ಡಿಸೆಂಬರ್‌ನಲ್ಲಿ ವ್ಯಾಲೇಸ್ ಮಕಾಸರ್‌ನಿಂದ ಆರು ದ್ವೀಪಗಳಿಗೆ ಹೊರಟ. ಲೆಕ್ಕದ ಆರಲ್ಲ, ಆ ದ್ವೀಪಗುಂಪಿನ ಹೆಸರೇ ಆರು. ಸುಮಾರು 1,000 ಮೈಲಿ. ವಾಹನ ಬೂಗಿ ಜನರ ಪ್ರಾವು, ಚಾಪೆಯ ಹಾಯಿ ಕಟ್ಟಿದ ಮರದ ನೌಕೆ. ಪಡುವಣ ಗಾಳಿ ಬೀಸುವಾಗ ಹೋಗಬೇಕು, ಆರೇಳು ತಿಂಗಳು ಅಲ್ಲೇ ವ್ಯಾಪಾರ ಮಾಡಿಕೊಂಡಿದ್ದು ಮೂಡಣ ಗಾಳಿ ತಿರುಗಿದಾಗ ಮರಳಬೇಕು. ಆರುವಿನಿಂದ ತರುವ ಸರಕು ಮುತ್ತಿನ ಚಿಪ್ಪು, ಆಮೆ ಚಿಪ್ಪು, ಒಣಗಿಸಿದ ಸಮುದ್ರ ಸೌತೆ, ಸ್ವರ್ಗದ ಹಕ್ಕಿಗಳ ಚರ್ಮ. ನೌಕೆಯ ಮೇಲೆ ವ್ಯಾಲೇಸನ ಪಾಲಿಗೆ ಸಿಕ್ಕಿದ್ದು ಓಲೆಯ ಹೊದಿಕೆಯ ಪುಟ್ಟ ಗುಡಿಸಲು, ನಿಲ್ಲಲಾಗದಷ್ಟು ತಗ್ಗು. ಆದರೂ ಕಡಲಿನ ಮೇಲೆ ತಾನು ಕಂಡ ಅತಿ ಸುಖದ ಕೋಣೆ ಅದು ಎಂದು ಅವನ ತೀರ್ಪು. ಬಣ್ಣ, ಡಾಂಬರು, ಎಣ್ಣೆಯ ನಾತವಿಲ್ಲ, ಎಲ್ಲ ಬಿದಿರು, ಬೆತ್ತ, ನಾರಿನ ಹಗ್ಗ.

ಆ ನೌಕೆಯಲ್ಲೊಂದು ಗಡಿಯಾರವಿತ್ತು. ಅರ್ಧ ನೀರು ತುಂಬಿದ ಬಕೆಟ್ಟು, ಅದರಲ್ಲಿ ತೇಲುವ ಚೆನ್ನಾಗಿ ಹೆರೆದ ಅರ್ಧ ತೆಂಗಿನ ಕರಟ. ಕರಟದ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಅದರ ಮೂಲಕ ನೂಲೆಳೆಯಂತೆ ನೀರು ಚಿಮ್ಮುತ್ತಾ ಒಳಗೆ ತುಂಬುತ್ತದೆ. ಸರಿಯಾಗಿ ಒಂದು ಗಂಟೆಗೆ ಕರಟ ಗುಳುಂ ಎಂದು ಮುಳುಗುತ್ತದೆ. ಪಹರೆಯವನು ಸೂರ್ಯೋದಯದಿಂದ ಎಷ್ಟನೇ ಗಂಟೆ ಎಂದು ಕೂಗಿ ಹೇಳಿ, ಖಾಲಿ ಕರಟವನ್ನು ಮತ್ತೆ ತೇಲಿಬಿಡುತ್ತಾನೆ. ವ್ಯಾಲೇಸ್ ತನ್ನ ಗಡಿಯಾರದೊಂದಿಗೆ ತಾಳೆ ನೋಡಿದ. ಒಂದು ನಿಮಿಷದ ವ್ಯತ್ಯಾಸವೂ ಬರುವುದು ಅಪರೂಪ. ನೌಕೆ ಎಷ್ಟೇ ಓಲಾಡಿದರೂ ಬಕೆಟ್ಟಿನ ನೀರು ಸಮವಾಗಿಯೇ ಇರುತ್ತದಲ್ಲ! ಮದುವೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದ ಕಾಲವನ್ನು ಕಂಡ ಅಜ್ಜಂದಿರಿಗೆ ಇದು ಹೊಸದೆನಿಸುವುದಿಲ್ಲ. ನಮ್ಮ ಬಟ್ಟಲು 24 ನಿಮಿಷಕ್ಕೆ ಮುಳುಗುತ್ತಿತ್ತು, ಬೂಗಿಗಳದು ಗಂಟೆಗೆ. ಉಪಾಯ ಒಂದೇ.

ದಾರಿಯಲ್ಲಿ ಕೇ ದ್ವೀಪ. ಅಲ್ಲಿನ ಬಡಗಿಗಳ ಬಳಿ ಕೊಡಲಿ, ಬಾಚಿ, ಬೈರಿಗೆ ಬಿಟ್ಟರೆ ಬೇರೆ ಹತಾರವಿಲ್ಲ. ಒಂದೇ ಒಂದು ಕಬ್ಬಿಣದ ಮೊಳೆ ಬಳಸದೆ, ಹಲಗೆಯ ಅಂಚಿಗೆ ಅಂಚು ಕೂಡಿಸಿ, ಮರದ ಗೂಟ ಜಡಿದು, ಬೆತ್ತದಿಂದ ಬಿಗಿದು ಅವರು ಕಟ್ಟಿದ ದೋಣಿಯ ಬೆಸುಗೆಯನ್ನು ಯುರೋಪಿನ ಯಾವ ನುರಿತ ಬಡಗಿಯೂ ಮೀರಿಸಲಾರ ಎಂದು ವ್ಯಾಲೇಸ್ ಬೆರಗಾದ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಕಾಲ ಬಳಿ ಕೂತು ನೋಡುವ ಗುಣ ಅವನಲ್ಲಿತ್ತು. ಕಾಡು ಬೋರ್ನಿಯೋದ ಡಯಾಕ್ ಜನರದು, ಕಡಲು ಬೂಗಿಗಳದು, ಹಕ್ಕಿ ಆರುವಿನ ಬಿಲ್ಲುಗಾರರದು. ಇವನದು ಬರೆದಿಡುವ ಕೆಲಸ.

ಆ ಬಿಲ್ಲುಗಾರರು ಹೊಡೆಯುತ್ತಿದ್ದ ಸ್ವರ್ಗದ ಹಕ್ಕಿಗಳದ್ದೇ ಒಂದು ತಮಾಷೆ. ಮಗೆಲನ್ನನ ನೌಕಾಪಡೆಯಲ್ಲಿ ಉಳಿದ ಒಂದೇ ಹಡಗು 1522ರಲ್ಲಿ ಸ್ಪೇನಿಗೆ ಮರಳಿದಾಗ ಈ ದ್ವೀಪಗಳ ಲವಂಗದ ಜೊತೆ ಅಂಥ ಹಕ್ಕಿಯ ಚರ್ಮಗಳೂ ಬಂದವು. ಆಮೇಲೂ ವ್ಯಾಪಾರಿಗಳು ಕಾಲು ಕತ್ತರಿಸಿ ಒಣಗಿಸಿದ ಚರ್ಮವನ್ನೇ ಮಾರುತ್ತಿದ್ದರು. ಅದನ್ನು ನೋಡಿದ ಯುರೋಪಿನ ಪಂಡಿತರು ಈ ಹಕ್ಕಿಗೆ ಕಾಲೇ ಇಲ್ಲ, ಜೀವಮಾನವಿಡೀ ಆಕಾಶದಲ್ಲೇ ಇರುತ್ತದೆ ಎಂದು ನಂಬಿದರು. 1758ರಲ್ಲಿ ಲಿನೇಯಸ್ ಅದಕ್ಕಿಟ್ಟ ಹೆಸರಿನ ಅರ್ಥವೂ ಕಾಲಿಲ್ಲದ್ದು ಎಂದೇ. ಆರುವಿನ ಯಾವ ಹುಡುಗನನ್ನು ಕೇಳಿದ್ದರೂ ನಕ್ಕುಬಿಡುತ್ತಿದ್ದ.

ಇದನ್ನೆಲ್ಲ ಓದಿ ಹಾಯಿ ಹಡಗಿನ ಪ್ರಯಾಣ ಬಲು ಸೊಗಸು ಎಂದುಕೊಂಡರೆ ಕಷ್ಟ. ಆರುವಿನಲ್ಲಿ ಹುಳ ಕಡಿದು ಕಾಲೆಲ್ಲ ಹುಣ್ಣಾಗಿ ವ್ಯಾಲೇಸನಿಗೆ ವಾರಗಟ್ಟಲೆ ಗುಡಿಸಲಿನಿಂದ ಹೊರಗೆ ಕಾಲಿಡಲಾಗಲಿಲ್ಲ, ಹೊರಗೆ ಚಿಟ್ಟೆಗಳು ಹಾರುತ್ತಿದ್ದವು. 1860ರಲ್ಲಿ ಸ್ವಂತ ದೋಣಿ ಮಾಡಿಕೊಂಡು ಗೋರಂ ದ್ವೀಪದಿಂದ ಹೊರಟಾಗಿನ ಪಾಡು ಕೇಳಿ. ಮೊದಲ ಆಳುಗಳು ಓಡಿಹೋದರು. ಇಬ್ಬರು ನಿರ್ಜನ ದ್ವೀಪವೊಂದರಲ್ಲಿ ತಿಂಗಳು ಕಾಲ ಸಿಕ್ಕಿಕೊಂಡರು. ದೋಣಿ ಹತ್ತು ಸಲ ಹವಳದ ದಿಬ್ಬಕ್ಕೆ ಹತ್ತಿತು. ನಾಲ್ಕು ಲಂಗರು ಕಳೆದವು. ಹಾಯಿಯನ್ನು ಇಲಿ ತಿಂದವು. ರಾತ್ರಿ ದಿಕ್ಸೂಚಿ ನೋಡಲು ದೀಪಕ್ಕೆ ಎಣ್ಣೆಯಿಲ್ಲ. ಅನುಕೂಲದ ಕಾಲವೆಂದೇ ಹೊರಟ 78 ದಿನಗಳ ಪಯಣದಲ್ಲಿ ಒಂದೇ ಒಂದು ದಿನ ಗಾಳಿ ಅವರ ಕಡೆ ಬೀಸಲಿಲ್ಲ. ಇಷ್ಟನ್ನೂ ಅವನು ಪಟ್ಟಿ ಮಾಡಿ ಬರೆದಿದ್ದಾನೆ, ಗೋಳಾಡಿಲ್ಲ.

ಅವನು ಗೋಳಾಡದಿದ್ದರೂ ನಾವು ಮರೆಯಬಾರದ ಲೆಕ್ಕವೂ ಇದೆ. 1858ರಲ್ಲಿ ನ್ಯೂಗಿನಿಯ ದೊರೆ ಎಂಬ ಬಂದರಿನಲ್ಲಿ ಅವನ ಆಳು ಜುಮಾತ್ ಕಾಯಿಲೆ ಬಿದ್ದು ತೀರಿಕೊಂಡ. ಸುಮಾರು 18 ವರ್ಷದ ಹುಡುಗ. ಸರವಾಕಿನಲ್ಲಿ ವ್ಯಾಲೇಸ್ ಒರಾಂಗುಟಾನ್‌ಗಳನ್ನು ಒಂದರ ಹಿಂದೊಂದು ಹೊಡೆದುರುಳಿಸಿದ. ತಾಯಿ ಸತ್ತು ಕೆಸರಿಗೆ ಬಿದ್ದಿದ್ದ ಮರಿಯನ್ನು ತಾನೇ ಎತ್ತಿ ತಂದು, ಅಕ್ಕಿ ಗಂಜಿ ಕುಡಿಸಿ, ಮೀಯಿಸಿ, ತಲೆ ಬಾಚಿ ಸಾಕಿದ. ಅದು ಸುಮಾರು ಮೂರು ತಿಂಗಳು ಬದುಕಿತು. ಅವನ ಪುಸ್ತಕದಲ್ಲಿ ಆ ಪುಟಗಳನ್ನು ಓದುವುದು ಸುಲಭವಲ್ಲ. ಆ ದ್ವೀಪಗಳ ಮೇಲೆ ಡಚ್ಚರ, ಇಂಗ್ಲಿಷರ ಅಧಿಕಾರವಿತ್ತು ಎಂಬುದೂ ಅವನ ದಾರಿಯನ್ನು ಸಲೀಸು ಮಾಡಿತ್ತು. ಆ ಕೋವಿಯನ್ನು ಅವನ ಕಾಲಕ್ಕೇ ಬಿಟ್ಟುಬಿಡೋಣ. ನಮಗೆ ಬೇಕಾದದ್ದು ಅವನ ಚೀಟಿ.

ಚೀಟಿಯ ಅಭ್ಯಾಸವೇ ಅವನನ್ನು ಎಲ್ಲಿಗೆ ಮುಟ್ಟಿಸಿತೆಂಬುದು ಲೋಕಕ್ಕೆ ಗೊತ್ತು. 1858ರ ಆರಂಭದಲ್ಲಿ ಲವಂಗದ ಮೂಲನೆಲೆಯಾದ ತೆರ್ನಾಟೆ ಸೀಮೆಯಲ್ಲಿ ಚಳಿಜ್ವರದಲ್ಲಿ ನಡುಗುತ್ತಾ ಮಲಗಿದ್ದಾಗ, ಒಂದು ಜೀವಜಾತಿ ಇನ್ನೊಂದಾಗುವುದು ಹೇಗೆಂದು ಹೊಳೆಯಿತು. ಬರೆದು ಚಾರ್ಲ್ಸ್ ಡಾರ್ವಿನ್ನನಿಗೆ ಅಂಚೆಯಲ್ಲಿ ಕಳಿಸಿದ. ಇಪ್ಪತ್ತು ವರ್ಷಗಳಿಂದ ಅದನ್ನೇ ಯೋಚಿಸುತ್ತಿದ್ದ ಡಾರ್ವಿನ್ ಬೆಚ್ಚಿಬಿದ್ದ. ಜುಲೈ 1ರಂದು ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಒಟ್ಟಿಗೆ ಓದಿದರು. ಮುಂದಿನ ಕತೆ ನಿಮ್ಮ ಪಠ್ಯದಲ್ಲೇ ಇದೆ, ಬಹುತೇಕ ಡಾರ್ವಿನ್ನನ ಹೆಸರಿನಲ್ಲಿ.

ಅಲಿಯ ಕತೆ ಪಠ್ಯದಲ್ಲಿಲ್ಲ. 1862ರಲ್ಲಿ ವ್ಯಾಲೇಸ್ ಊರಿಗೆ ಹೊರಟಾಗ ಅವನಿಗೆ ಹಣ, ಕೋವಿ, ಮದ್ದುಗುಂಡು ಕೊಟ್ಟು, ಸಿಂಗಪುರದಲ್ಲಿ ಒಂದು ಫೋಟೊ ತೆಗೆಸಿದ. 1907ರಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಥಾಮಸ್ ಬಾರ್ಬರ್ ತೆರ್ನಾಟೆಯಲ್ಲಿ ಸುತ್ತುತ್ತಿದ್ದಾಗ ಸುಕ್ಕುಗಟ್ಟಿದ ಮುದುಕನೊಬ್ಬ ಎದುರಾಗಿ ತನ್ನ ಹೆಸರು ಅಲಿ ವ್ಯಾಲೇಸ್ ಎಂದ. ಅರ್ಧ ಶತಮಾನದ ಮೇಲೂ ಆ ವರ್ಷಗಳನ್ನು ಅವನು ಹೆಸರಿನಲ್ಲೇ ಹೊತ್ತುಕೊಂಡಿದ್ದ.

ಇನ್ನು ನಿಮ್ಮ ಸರದಿ. ಕಂಡುಹಿಡಿಯಲು ಏನು ಉಳಿದಿದೆ, ಎಲ್ಲ ಮುಗಿದಿದೆ ಎನ್ನುವವರ ಮಾತು ಕೇಳಬೇಡಿ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಗಂಡು ಕಪ್ಪೆ ರಾತ್ರಿ ಹೊತ್ತು ಮುಂಗಾಲಿನಲ್ಲಿ ಕೆಸರು ತೆಗೆದು ತನ್ನ ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಕುಂಬಾರ ಮಣ್ಣು ಮೆತ್ತುವ ಹಾಗೆಯೇ. ಅದಕ್ಕೆ ಕುಂಬಾರ ಕಪ್ಪೆ ಎಂಬ ಹೆಸರು ಬಿದ್ದಿದ್ದು 2014ರಲ್ಲಿ! ಆ ಹಳ್ಳದ ಬದಿಯಲ್ಲಿ ತಲೆಮಾರುಗಳಿಂದ ಅಡಿಕೆ ಬೆಳೆಯುತ್ತಿದ್ದೇವೆ. ರಾತ್ರಿ ಟಾರ್ಚು ಹಿಡಿದು ಕೂತವರು ಇರಲಿಲ್ಲ, ಅಷ್ಟೇ.

ದ್ವೀಪವೇ ಬೇಕೆಂದರೆ ಅದೂ ನಮ್ಮಲ್ಲಿದೆ. ಮುರ್ಡೇಶ್ವರದೆದುರು ನೇತ್ರಾಣಿ, ಮಲ್ಪೆಯೆದುರು ಕಂಬದ ಕಲ್ಲುಗಳ ಸೇಂಟ್ ಮೇರಿ. ಲಕ್ಷದ್ವೀಪದ ಅಮಿನಿ, ಕಡಮತ್ ದ್ವೀಪಗಳ ಆಡಳಿತ 1956ರವರೆಗೆ ಮಂಗಳೂರಿನಿಂದಲೇ ನಡೆಯುತ್ತಿತ್ತು. ಅಲ್ಲಿನ ಹಳೇ ಬಂದರಿನಿಂದ ಮಂಜಿ ಎಂಬ ಮರದ ಹಡಗುಗಳು ಇವತ್ತಿಗೂ ಅತ್ತ ಸರಕು ಒಯ್ಯುತ್ತವೆ. ಆ ಮಂಜಿಯ ಹಿರಿಯ ತಾಂಡೇಲರ ಬಳಿ ಕೂತು, ನಕ್ಷತ್ರ ನೋಡಿ ದಾರಿ ಹಿಡಿಯುತ್ತಿದ್ದುದು ಹೇಗೆಂದು ಕೇಳಿದ್ದೀರಾ? ಅವರು ಇನ್ನೆಷ್ಟು ವರ್ಷ ಹೇಳಬಲ್ಲರು? ಮಲ್ಪೆ ದಕ್ಕೆಯಲ್ಲಿ ಟ್ರಾಲರ್ ಬಲೆ ಕೊಡವಿದಾಗ ಬಂಗುಡೆ, ಬೂತಾಯಿ ಬುಟ್ಟಿಗೆ ಹೋಗುತ್ತವೆ, ಬೆಲೆಯಿಲ್ಲದವು ಬದಿಗೆ ಬೀಳುತ್ತವೆ. ಆ ಬದಿಗೆ ಬಿದ್ದ ರಾಶಿಯ ಫೋಟೊ ತೆಗೆಯಿರಿ. ಮೀನುಗಾರ ಅಣ್ಣಂದಿರು ಯಾವುದಕ್ಕೆ ಏನೆಂದು ಕರೆಯುತ್ತಾರೆ, ಬಲೆ ಎಷ್ಟು ಮಾರಿನ ಆಳದಲ್ಲಿ ಎಳೆದದ್ದು, ಯಾವ ದಿಕ್ಕಿಗೆ ಹೋಗಿದ್ದರು ಎಂದು ಕೇಳಿ ಅಲ್ಲೇ ಬರೆದುಕೊಳ್ಳಿ. ‘ಕರಾವಳಿ’ ಎಂದು ಬರೆದು ಬಿಡಬೇಡಿ. ಹಕ್ಕಿಯಾದರೆ ಇ-ಬರ್ಡ್‌ಗೆ, ಉಳಿದದ್ದಾದರೆ ಐನ್ಯಾಚುರಲಿಸ್ಟ್‌ಗೆ ಹಾಕಿ. ವ್ಯಾಲೇಸನಿಗೆ ಮಾದರಿಗಳು ಲಂಡನ್ ಮುಟ್ಟಲು ತಿಂಗಳುಗಳು ಬೇಕಿದ್ದವು, ನಿಮಗೆ ಒಂದು ನಿಮಿಷ. ಹೆಸರು ಗೊತ್ತಾಗದಿದ್ದರೆ ಬಿಡಿ, ಗೊತ್ತಿರುವವರು ಹೇಳುತ್ತಾರೆ. ಜಾಗ ಮಾತ್ರ ನೀವೇ ಹೇಳಬೇಕು. ಅಲ್ಲಿದ್ದವರು ನೀವು.

ಕೊನೆಗೊಂದು ಕೆಲಸ ಹೇಳಿಬಿಡುತ್ತೇನೆ. 2018ರಲ್ಲಿ ಮಂಗಳೂರಿನ ಕೈಗಾರಿಕಾ ಪ್ರದೇಶವೊಂದರಲ್ಲಿ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ, ಎರಡು ಸೆಂಟಿಮೀಟರ್ ಆಸುಪಾಸಿನ ಹೊಸ ಕಪ್ಪೆಯೊಂದು ವಿಜ್ಞಾನದ ಕಣ್ಣಿಗೆ ಬಿತ್ತು. ಹೆಸರು ಮೈಕ್ರೊಹೈಲಾ ಕೊಡಿಯಾಲ್. ಅದರ ಹತ್ತಿರದ ಸಂಬಂಧಿಗಳು ಪಶ್ಚಿಮ ಘಟ್ಟದಲ್ಲಿಲ್ಲ, ಆಗ್ನೇಯ ಏಷ್ಯಾದಲ್ಲಿವೆ. ಅತ್ತಣಿಂದ ಹಡಗಿನಲ್ಲಿ ಬಂದ ದಿಮ್ಮಿಗಳ ಜೊತೆ ಕಡಲು ದಾಟಿ ಬಂದಿರಬಹುದೇ ಎಂದು ಸಂಶೋಧಕರು ಊಹಿಸುತ್ತಾರೆ. ಊಹೆ ನಿಜವೋ ಸುಳ್ಳೋ ತಿಳಿಯಬೇಕಾದರೆ ಬೇರೆ ಬಂದರುಗಳ ಹಳೆಯ ಮರದ ಡಿಪೋಗಳ ಸುತ್ತ ಮೊದಲ ಮಳೆ ಬಿದ್ದ ರಾತ್ರಿ ಕಿವಿಗೊಟ್ಟು ನಿಲ್ಲಬೇಕು. ಕೂಗು ಕೇಳಿದರೆ ರೆಕಾರ್ಡ್ ಮಾಡಬೇಕು. ಕೇಳದಿದ್ದರೆ, ಇಂಥ ದಿನ, ಇಂಥ ಡಿಪೋ, ಇಷ್ಟು ಹೊತ್ತು ನಿಂತರೂ ಕೇಳಲಿಲ್ಲ ಎಂದು ಅದನ್ನೂ ಬರೆಯಬೇಕು. ಕಾರವಾರದ ಕಡೆಗೆ ಯಾರು ಹೋಗುತ್ತೀರಿ? ಹೊನ್ನಾವರಕ್ಕೆ? ಮಲ್ಪೆಗೆ?